ಹೊಲ ಇಲ್ಲದವರ ಸಂಕ್ರಾಂತಿ

ನಿಮ್ಮ ಪ್ರಶ್ನೆ ಇದು: ಹೊಲ ಇಲ್ಲ, ಎತ್ತಿಲ್ಲ, ಕಾಳುಕಡಿ ಎಲ್ಲ ಆ್ಯಪ್‌ನಲ್ಲಿ ಆರ್ಡರ್ ಮಾಡಿದರೆ ಬಾಗಿಲಿಗೆ ಬರುತ್ತದೆ. ಹೀಗಿರುವಾಗ ಪುಣೆ, ಮುಂಬೈಯಲ್ಲಿ ಇರುವ ಕನ್ನಡದವರು ಸಂಕ್ರಾಂತಿಯಲ್ಲಿ ನಿಜವಾಗಲೂ ಯಾವುದಕ್ಕೆ ಕೃತಜ್ಞರಾಗಿರುತ್ತಾರೆ? ಸುಮ್ನೆ ಎಳ್ಳುಬೆಲ್ಲ ಹಂಚಿ ಫೋಟೋ ಹಾಕುವುದಷ್ಟೇ ಅಲ್ವಾ?

ಎಲ್ಲರ ಪರವಾಗಿ ನಾನು ಹೇಳಲಾರೆ. ನಾನು ವಿಜಯಪುರ ಜಿಲ್ಲೆಯ ಡೋಣಿ ಹೊಳೆಯ ಸಾಲಿನವಳು. ಮದುವೆಯಾದಾಗಿನಿಂದ ಪುಣೆಯಲ್ಲಿದ್ದೇನೆ. ನಮ್ಮ ಮನೆಯ ಮಟ್ಟಿಗೆ ಉತ್ತರ ಜೋಳ. ಬಿಳಿಜೋಳ, ಅದು ಬೆಳೆದ ಮಣ್ಣು, ಅದು ನನ್ನ ತಾಟಿಗೆ ಬರುವ ತನಕ ಅದನ್ನು ಎತ್ತಿ ಇಳಿಸಿದವರು. ಫೋಟೋ ನಾನೂ ಹಾಕುತ್ತೇನೆ, ಅದರಲ್ಲೇನು ತಪ್ಪಿಲ್ಲ ಬಿಡಿ.

ಸಂಕ್ರಾಂತಿ ಅಂದರೆ ರಾಶಿ ಮುಗಿದ ಮೇಲಿನ ಹಬ್ಬ ಎಂದು ಶಾಲೆಯಲ್ಲಿ ಪ್ರಬಂಧ ಬರೆಸುತ್ತಾರೆ. ಭತ್ತ, ರಾಗಿ ಬೆಳೆಯುವ ಮೈಸೂರು, ಮಂಡ್ಯದ ಕಡೆಗೆ ಅದು ಸರಿ. ನಮ್ಮ ಹಿಂಗಾರಿ ಜೋಳ ಜನವರಿಯಲ್ಲಿ ಇನ್ನೂ ಹೊಲದಲ್ಲೇ ನಿಂತಿರುತ್ತದೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬಿತ್ತಿದ್ದು ಕೊಯ್ಲಿಗೆ ಬರುವುದು ಫೆಬ್ರವರಿ, ಮಾರ್ಚ್‌ಗೆ. ಅಂದರೆ ನಾವು ಹೋಳಿಗೆ ಉಣ್ಣುವಾಗ ಕಾಳಿನ್ನೂ ಕೈಗೆ ಬಂದಿರುವುದಿಲ್ಲ. ಹಕ್ಕಿ ತಿನ್ನಬಹುದು. ಅಕಾಲ ಮಳೆ ಬಂದು ಕಾಳು ಕಪ್ಪಾಗಬಹುದು. ಗಾಳಿಗೆ ದಂಟು ಮಲಗಿಬಿಡಬಹುದು. ಹಾಗಾಗಿ ನಮ್ಮವರ ಕೃತಜ್ಞತೆಯಲ್ಲಿ ಅರ್ಧ ಪಾಲು ಹೆದರಿಕೆ. ಇಲ್ಲೀತನಕ ತಂದು ಮುಟ್ಟಿಸಿದಿ, ಇನ್ನೆರಡು ತಿಂಗಳು ಕಾಯವ್ವಾ ಅನ್ನುವ ದನಿ ಅದು.

ಆ ದನಿ ಕೇಳಬೇಕಾದರೆ ಸಂಕ್ರಾಂತಿಗಿಂತ ಸ್ವಲ್ಪ ಮೊದಲು ಬರುವ ಎಳ್ಳಮಾವಾಸ್ಯೆಗೆ ನಮ್ಮ ಕಡೆ ಹೋಗಬೇಕು. ನಸುಕಿನಲ್ಲೇ ಒಲೆ ಹತ್ತುತ್ತದೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಸಜ್ಜೆ ಕಡುಬು, ಭಜ್ಜಿ ಪಲ್ಯ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಎಲ್ಲ ಬುಟ್ಟಿಗೆ ಕಟ್ಟಿಕೊಂಡು ಹೊಲಕ್ಕೆ ಹೋಗುವುದು. ಮೊದಲು ಚಕ್ಕಡಿ ಇತ್ತು, ಈಗ ಟ್ರ್ಯಾಕ್ಟರ್. ಬನ್ನಿಗಿಡದ ಬುಡಕ್ಕೆ ಐದು ಕಲ್ಲಿಟ್ಟು, ಸುಣ್ಣ ಹಚ್ಚಿ, ಪಾಂಡವರು ಎಂದು ಪೂಜೆ. ಆಮೇಲೆ ಚರಗ, ಅಂದರೆ ಬೆಳೆಗೆ ಊಟ ಚೆಲ್ಲುವುದು. ಅಪ್ಪ ಅನ್ನ, ಕಡುಬು, ಪಲ್ಯ ಕಲಸಿದ ಬುಟ್ಟಿ ಹಿಡಿದು ಮುಂದೆ, ಅಣ್ಣ ನೀರಿನ ಚರಿಗೆ ಹಿಡಿದು ಹಿಂದೆ. ಒಬ್ಬರು "ಹುಲ್ಲುಲ್ಲಿಗ್ಯೋ" ಎಂದು ಕೂಗಿದರೆ ಇನ್ನೊಬ್ಬರು "ಚಳಾಂಬ್ರಿಗ್ಯೋ" ಅನ್ನಬೇಕು. ಊರಿಂದೂರಿಗೆ ಕೂಗು ಸ್ವಲ್ಪ ಬೇರೆ. ಹಿಡಿ ಹಿಡಿ ತುತ್ತು ಬೆಳೆಯೊಳಗೆ ಹೋಗಿ ಬೀಳುತ್ತದೆ, ಹಿಂದೆಯೇ ನೀರು. ತೆನೆ ಆಗ ಹಾಲುಗಾಳಿನಲ್ಲಿರುತ್ತದೆ. ಭೂಮಿ ಬಸುರಿ, ಬಯಕೆ ಊಟ ಹಾಕಬೇಕು ಅನ್ನುವುದು ಲೆಕ್ಕ.

ಹಾಗೆ ಚೆಲ್ಲಿದ ಕೂಳಿನಲ್ಲಿ ಇಲಿ, ಹಕ್ಕಿ, ಇರುವೆಗೂ ಪಾಲು. ಬೆಳೆ ತಿನ್ನೋರಿಗೇ ಊಟ! ಇದ್ಯಾಕೆ ಎಂದು ಕೇಳಿದರೆ ಅವ್ವ "ಅವಕ್ಕೂ ಹೊಟ್ಟಿ ಐತಲ್ಲವಾ" ಎಂದು ಅಷ್ಟಕ್ಕೇ ಮುಗಿಸುತ್ತಿದ್ದಳು. ಚರಗ ಚೆಲ್ಲಿದ ಮೇಲೆ ನಮ್ಮ ಊಟ. ಪಕ್ಕದ ಹೊಲದವರು, ದಾರಿಯಲ್ಲಿ ಹೋಗುವವರು, ಯಾರು ಕಂಡರೂ ಕರೆದು ಕೂರಿಸುವುದೇ. ಇಷ್ಟೆಲ್ಲ ಮಾಡಿದರೂ ಯಾರೂ ಬಾಯಿಬಿಟ್ಟು ಕೃತಜ್ಞತೆ ಅಂದದ್ದನ್ನು ನಾನು ಕೇಳಿಲ್ಲ.

ಮಣ್ಣಿಗೆ ಇಷ್ಟೊಂದು ಮರ್ಯಾದೆ ಯಾಕೆ ಅಂದರೆ, ನಮ್ಮ ಎರಿ ಮಣ್ಣು ಮಾಡುವ ಕೆಲಸ ಸಣ್ಣದಲ್ಲ. ಹಿಂಗಾರಿ ಜೋಳಕ್ಕೆ ಮಳೆ ಬೇಕಾದದ್ದು ಬಿತ್ತುವ ಮುಂಚೆ. ಆಮೇಲೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಆ ಕರಿಮಣ್ಣು ಕುಡಿದು ಹಿಡಿದಿಟ್ಟುಕೊಂಡ ತೇವದ ಮೇಲೆಯೇ ಬೆಳೆ ನಾಲ್ಕೂವರೆ ತಿಂಗಳು ಬದುಕಬೇಕು. ಚಳಿ ಏರುತ್ತಾ ಹೋದಂತೆ ನೆಲ ಬಿರಿಯುತ್ತದೆ. ಕೈ ಹಾಕಿದರೆ ಅಂಗೈ ಪೂರ್ತಿ ಒಳಗಿಳಿಯುವಂಥ ಬಿರುಕು. ಆ ಬಿರುಕಿನಿಂದ ತೇವ ಹಾರಿಹೋಗಬಾರದು ಅಂತ ಸಾಲುಗಳ ನಡುವೆ ಎಡೆಕುಂಟೆ ಹೊಡೆದು, ಮೇಲಿನ ಮಣ್ಣು ಪುಡಿ ಮಾಡಿ, ಬಾಯಿ ಮುಚ್ಚುತ್ತಾರೆ. ಇಷ್ಟೆಲ್ಲ ಕೂಡಿ ಬಂದರೆ "ಡೋಣಿ ಬೆಳೆದರೆ ಓಣೆಲ್ಲ ಜೋಳ". ಕೂಡಿ ಬರದಿದ್ದರೆ ಪುಣೆ ಬಸ್ಸು.

ತಮಾಷೆಗೆ ಹೇಳುತ್ತಿಲ್ಲ. 1972ರ ಬರದಲ್ಲಿ ನಮ್ಮ ಕಡೆಯಿಂದ ಎಷ್ಟೋ ಕುಟುಂಬಗಳು ಹೀಗೆಯೇ ಮಹಾರಾಷ್ಟ್ರಕ್ಕೆ ಬಂದವು. ಆದರೆ ಬರ ಇಲ್ಲೂ ಇತ್ತು. ಅವ್ವ ಆಗ ಹುಡುಗಿ. ಸೋಲಾಪುರದ ಹತ್ತಿರ ಬರಗಾಲದ ಕಾಮಗಾರಿಯಲ್ಲಿ ಜಲ್ಲಿ ಒಡೆಯುವವರ ಜೊತೆ ಇದ್ದಳಂತೆ. ರೇಷನ್‌ನಲ್ಲಿ ಅಮೆರಿಕಾದ ಕೆಂಪು ಜೋಳ ಕೊಡುತ್ತಿದ್ದರು, ಮಿಲೋ ಅಂತ. ಬಡಿದರೆ ರೊಟ್ಟಿ ಅಂಚಿನಲ್ಲಿ ಹರಿಯುತ್ತಿತ್ತು, ತವೆಯಿಂದ ಎತ್ತುವಷ್ಟರಲ್ಲಿ ತುಂಡು ತುಂಡು. ಅದನ್ನೇ ಉಂಡು ಬದುಕಿದರು. ಈಗಲೂ ಅವ್ವ ಮೊದಲ ರೊಟ್ಟಿ ಮುರಿಯುವ ಮುಂಚೆ ಅಂಚನ್ನು ಬೆರಳಲ್ಲಿ ಒತ್ತಿ ನೋಡುತ್ತಾಳೆ, ಗಟ್ಟಿ ಇದೆಯಾ ಅಂತ. ಆಮೇಲೆ ಕಣ್ಣಿಗೆ ಒತ್ತಿಕೊಂಡು ತಿನ್ನುತ್ತಾಳೆ. 2023 ಸಿರಿಧಾನ್ಯ ವರ್ಷ ಎಂದು ವಿಶ್ವಸಂಸ್ಥೆ ಸಾರಿದಾಗ ಮಾಲ್‌ನಲ್ಲಿ ಜೋಳದ ಕುಕೀಸ್ ಬಂದವು. ಒಂದು ಪ್ಯಾಕೆಟ್‌ನ ರೇಟು ಹೇಳಿದೆ. ಅವ್ವ ನಕ್ಕಳು.

ಈಗ ಪುಣೆಗೆ ಬರೋಣ. ಭೋಗಿ ಇಲ್ಲಿಯೂ ಇದೆ, ನಮ್ಮಲ್ಲೂ ಇದೆ. ಸಂಕ್ರಾಂತಿಯ ಹಿಂದಿನ ದಿನ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಅವರೆಕಾಳು, ಹಸಿ ಕಡಲೆ, ಗಜ್ಜರಿ, ಬದನೆ, ಶೇಂಗಾ ಎಲ್ಲ ಹಾಕಿದ ಪಲ್ಯ. "ನ ಖಾಯೀ ಭೋಗೀ, ತೋ ಸದಾ ರೋಗೀ" ಎಂದು ಎದುರು ಮನೆ ಕಾಕು ಪ್ರತಿ ವರ್ಷ ಹೇಳುತ್ತಾರೆ. ಭೋಗಿ ಊಟ ಮಾಡದವನು ಸದಾ ರೋಗಿ. ಅವರ ಭಾಜಿ ನಮ್ಮ ಮನೆಗೆ, ನಮ್ಮ ಎಣ್ಣೆಗಾಯಿ ಅವರ ಮನೆಗೆ. ಹೊಸದಾಗಿ ಬಂದಾಗ ನನಗೆ ಮರಾಠಿ ಬರುತ್ತಿರಲಿಲ್ಲ. ಮಾತು ಶುರುವಾದದ್ದು ಈ ಡಬ್ಬಿಗಳಿಂದಲೇ. ಕೃತಜ್ಞತೆ ಅಂದರೆ ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಇಲ್ಲಿ ಬಂದ ಮೇಲೆ ಕಲಿತದ್ದು ಸುಗಡ. ಮಹಾತ್ಮಾ ಫುಲೆ ಮಂಡಈ ಮಾರುಕಟ್ಟೆಯ ಸುತ್ತ ಹಬ್ಬಕ್ಕೆ ಮೊದಲು ಗುಡ್ಡೆ ಹಾಕಿ ಮಾರುತ್ತಾರೆ. ಮುಷ್ಟಿಯಷ್ಟು ದೊಡ್ಡ ಮಣ್ಣಿನ ಗಡಿಗೆ. ಅದಕ್ಕೆ ದಾರ ಸುತ್ತಿ, ಅರಿಶಿನ ಕುಂಕುಮದ ಗೆರೆ ಎಳೆದು, ಒಳಗೆ ಹಸಿ ಕಡಲೆ, ಬೋರೆಹಣ್ಣು, ಕಬ್ಬಿನ ತುಂಡು, ಗಜ್ಜರಿ, ಶೇಂಗಾ, ಗೋಧಿ ತೆನೆ, ಎಳ್ಳುಬೆಲ್ಲ ತುಂಬಿ ದೇವರ ಮುಂದಿಡುವುದು. ಹೊಲದಲ್ಲಿ ಆ ಹೊತ್ತಿಗೆ ಏನೇನಿದೆಯೋ ಅದೆಲ್ಲ ಒಂದು ಗಡಿಗೆಯಲ್ಲಿ. ಹೊಲ ನೋಡದ ನನ್ನ ಮಗಳು ಗೋಧಿ ತೆನೆ ಮೊದಲು ಮುಟ್ಟಿದ್ದು ಸುಗಡದಲ್ಲೇ. ಮುಳ್ಳು ಚುಚ್ಚಿತು ಎಂದು ಕೈ ಹಿಂದೆಳೆದುಕೊಂಡಳು.

ಸುಗಡ ಕೊಳ್ಳುವಾಗ ನನಗೆ ಊರಿನ ಕಣ ನೆನಪಾಗುತ್ತದೆ. ರಾಶಿ ಮಾಡಿದ ದಿನ ಕಾಳು ಮನೆಗೆ ಹೋಗುವ ಮುಂಚೆ ಆಯಗಾರರಿಗೆ, ಅಂದರೆ ಊರಿನ ಕೆಲಸ ಮಾಡಿ ಕಾಳಿನಲ್ಲಿ ಪಾಲು ಪಡೆಯುವವರಿಗೆ, ಪಾಲು ಹೋಗಬೇಕಿತ್ತು. ನೇಗಿಲು ಮಾಡಿದ ಬಡಿಗ, ನೇಗಿಲಿನ ಕುಡ ಹಣಿದ ಕಮ್ಮಾರ, ಗಡಿಗೆ ಕೊಟ್ಟ ಕುಂಬಾರ, ಬಟ್ಟೆ ಒಗೆದ ಅಗಸ, ಕ್ಷೌರ ಮಾಡಿದವರು. ಇದನ್ನು ಸಿಹಿ ಮಾಡಿ ಹೇಳುವುದು ಬೇಡ. ಎಷ್ಟೋ ಜನ ಕಣದ ಹೊರಗೇ ನಿಂತು ಸೆರಗು ಒಡ್ಡಬೇಕಿತ್ತು. ಕೊಡುವವನಿಗೆ ಮನಸ್ಸು ಬಂದಷ್ಟೇ ಕಾಳು. ಅದಕ್ಕಿಂತ ಮಂಡಈಯಲ್ಲಿ ರೇಟು ಕೇಳಿ, ದುಡ್ಡು ಕೊಟ್ಟು, ಗಡಿಗೆ ತರುವುದು ಎಷ್ಟೋ ವಾಸಿ ಅನ್ನಿಸುತ್ತದೆ ನನಗೆ. ಆದರೆ ಆ ಪದ್ಧತಿಯಲ್ಲಿ ಒಂದು ಮಾತ್ರ ಇತ್ತು: ತಾಟಿನಲ್ಲಿರುವ ರೊಟ್ಟಿಗೆ ಯಾರ್‍ಯಾರು ದುಡಿದಿದ್ದಾರೆ ಅನ್ನುವುದು ಮನೆಯ ಮಕ್ಕಳಿಗೂ ಹೆಸರಿನ ಸಮೇತ ಗೊತ್ತಿರುತ್ತಿತ್ತು. ಪಟ್ಟಣದಲ್ಲಿ ಅದು ಗೊತ್ತಾಗುವುದಿಲ್ಲ. ನೀವು ಕೇಳಿದ ಪ್ರಶ್ನೆ ಹುಟ್ಟಿದ್ದೇ ಅಲ್ಲಿಂದ ಇರಬೇಕು.

ಗೊತ್ತು ಮಾಡಿಕೊಳ್ಳಬೇಕು ಅಂದರೆ ಬೆಳಗ್ಗೆ ಗುಲ್ಟೇಕಡಿಯ ಮಾರ್ಕೆಟ್ ಯಾರ್ಡ್‌ಗೆ ಹೋಗಿ ನಿಲ್ಲಿ. ಲಾರಿಯಿಂದ ಜೋಳದ ಚೀಲ ಇಳಿಸುವ ಹಮಾಲರನ್ನು ನೋಡಿ. ಒಂದು ಕಾಲಕ್ಕೆ ಬೆನ್ನ ಮೇಲೆ 100 ಕಿಲೋದ ಚೀಲ ಹೊರುತ್ತಿದ್ದವರು ಇವರು. ಕಾರ್ಮಿಕರ ನಾಯಕ ಬಾಬಾ ಆಢಾವ್ ಕಟ್ಟಿದ ಹಮಾಲರ ಸಂಘ, ಹಮಾಲ್ ಪಂಚಾಯತ್, ಈ ಪುಣೆಯದೇ. ಹಮಾಲರಿಗಾಗಿ ಮಹಾರಾಷ್ಟ್ರದಲ್ಲಿ 1969ರಲ್ಲಿ ಮಾಥಾಡಿ ಕಾಯ್ದೆ, ಅಂದರೆ ಹೊರೆ ಹೊರುವವರ ಕೆಲಸದ ಕಾಯ್ದೆ, ಬಂತು. ಪಂಚಾಯತ್‌ನವರು ನಡೆಸುವ "ಕಷ್ಟಾಚೀ ಭಾಕರ್" ಎಂಬ ಊಟದ ಮನೆ ಇದೆ, ಕಷ್ಟದ ರೊಟ್ಟಿ ಅಂತ. ದುಡಿಯುವವರಿಗೆ ಕೈಗೆಟಕುವ ದರದಲ್ಲಿ ರೊಟ್ಟಿ, ಕಡಲೆಹಿಟ್ಟಿನ ಜುಣಕ. ಅಲ್ಲಿ ಊಟ ಮಾಡಿದ್ದೇನೆ. ರೊಟ್ಟಿ ನನ್ನದಕ್ಕಿಂತ ತೆಳ್ಳಗಿತ್ತು, ಒಪ್ಪಿಕೊಳ್ಳಲೇಬೇಕು.

ಇಲ್ಲಿ ಅಂಗಡಿಯಲ್ಲಿ ಒಳ್ಳೆ ಜೋಳ ಬೇಕು ಅಂದರೆ ಮಾಲದಂಡಿ ಕೇಳಬೇಕು. ಸೋಲಾಪುರ ಜಿಲ್ಲೆಯ ಮೋಹೋಳದಲ್ಲಿ 1930ರ ದಶಕದಲ್ಲಿ ಆರಿಸಿ ತೆಗೆದ ತಳಿ ಅದು, ಎಂ 35-1 ಅನ್ನುತ್ತಾರೆ. ನಮ್ಮ ಹೊಲದಲ್ಲಿ ಬೆಳೆಯುವುದೂ ಅದೇ. ಅಣ್ಣ ಪ್ರತಿ ಬೇಸಿಗೆಯಲ್ಲಿ ಒಂದು ಚೀಲ ಬಸ್ಸಿಗೆ ಹಾಕಿ ಕಳಿಸುತ್ತಾನೆ. ಹೊಲ ಈಗ ಲಾವಣಿಗೆ, ಅಂದರೆ ಗೇಣಿಗೆ, ಕೊಟ್ಟಿದೆ, ಅಣ್ಣ ಸ್ವತಃ ಉಳುವುದಿಲ್ಲ. ಆದ್ದರಿಂದ ಆ ಚೀಲಕ್ಕೆ ನಾನು ಋಣಿ ಆಗಿರಬೇಕಾದದ್ದು ಅಣ್ಣನಿಗಿಂತ ಜಾಸ್ತಿ ಲಾವಣಿ ಮಾಡುವ ಮನೆಯವರಿಗೆ. ಅಣ್ಣನಿಗೆ ಇದನ್ನು ಹೇಳಿದರೆ ಮುಖ ಸಣ್ಣದಾಗುತ್ತದೆ. ವೈನಿ, ಅಂದರೆ ಅತ್ತಿಗೆ, ಮಾತ್ರ ಹೌದು ಅನ್ನುತ್ತಾಳೆ. ಕಳೆದ ಎಳ್ಳಮಾವಾಸ್ಯೆಗೆ ಲಾವಣಿಯವರನ್ನೇ ಕೂರಿಸಿ ಮೊದಲು ಬಡಿಸಿದವಳು ಅವಳೇ.

ಇನ್ನು ಹಳದಿ ಕುಂಕು. ಸಂಕ್ರಾಂತಿಯಿಂದ ರಥಸಪ್ತಮಿ ತನಕ ಪುಣೆಯ ಹೆಂಗಸರು ಒಬ್ಬರ ಮನೆಗೆ ಒಬ್ಬರು ಹೋಗಿ ಎಳ್ಳುಬೆಲ್ಲ, ವಾಣ ಕೊಟ್ಟು ಬರುತ್ತಾರೆ. ವಾಣ ಅಂದರೆ ಸಣ್ಣ ಉಡುಗೊರೆ, ಚಮಚ, ಡಬ್ಬಿ, ಬಟ್ಟೆ ಚೀಲ ಹೀಗೆ. ಸಂಭ್ರಮ ಚೆನ್ನಾಗಿರುತ್ತದೆ, ಆದರೆ ಗಂಡ ಇಲ್ಲದವರನ್ನು ಕರೆಯುವ ಪದ್ಧತಿ ಇಲ್ಲ. ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನ ಜೊತೆ ಇದ್ದ ಮೊದಲ ವರ್ಷ, ಎಲ್ಲರೂ ಹಾಲ್‌ನಲ್ಲಿ, ಅವ್ವ ಅಡುಗೆಮನೆಯಲ್ಲಿ. ಇಡೀ ಆಯುಷ್ಯ ಹೊಲದಲ್ಲಿ ಕಳೆ ಕಿತ್ತವಳಿಗೆ ಸುಗ್ಗಿಯ ಎಳ್ಳು ಇಲ್ಲ ಅಂದರೆ ಅದೆಂಥ ಹಬ್ಬ? ಎದುರು ಮನೆ ಕಾಕುಗೂ ಅದು ಸರಿ ಕಾಣಲಿಲ್ಲ. ಮರುವರ್ಷದಿಂದ ನಮ್ಮ ಮಹಡಿಯಲ್ಲಿ ಎಲ್ಲರನ್ನೂ ಕರೆಯುತ್ತೇವೆ. ಒಬ್ಬಿಬ್ಬರು ಬರುವುದು ಬಿಟ್ಟರು. ಬಿಡಲಿ.

ನಿಮ್ಮ ಪ್ರಶ್ನೆಯ ಕೆಳಗೆ ಒಬ್ಬರು, ಪಟ್ಟಣದವರು ಕೃತಜ್ಞರಾಗಿರಬೇಕಾದದ್ದು ಸಂಬಳಕ್ಕೆ ಎಂದು ಬರೆದಿದ್ದಾರೆ. ಅದೂ ಸುಳ್ಳಲ್ಲ. ನಮ್ಮ ಬಿಲ್ಡಿಂಗ್ ಪಕ್ಕದ ಸೈಟಿನಲ್ಲಿ ಕಲಬುರಗಿ, ಯಾದಗಿರಿ ಕಡೆಯವರು ಗೋಡೆಗೆ ಗಿಲಾವು (ಪ್ಲಾಸ್ಟರ್) ಮಾಡುತ್ತಾರೆ. ಎಳ್ಳಮಾವಾಸ್ಯೆ ಬಂತು ಅಂದರೆ ಸೈಟು ಅರ್ಧ ಖಾಲಿ. ಹೋಗಲಾಗದೆ ಉಳಿದವರು ಶೆಡ್ಡಿನ ಮುಂದೆ ಮೂರು ಕಲ್ಲಿನ ಒಲೆಯಲ್ಲಿ ಭಜ್ಜಿ ಪಲ್ಯ ಮಾಡುತ್ತಾರೆ. ಒಮ್ಮೆ ಒಬ್ಬ ಅಜ್ಜಿಯನ್ನು ಮಾತಾಡಿಸಿದೆ, ಇಲ್ಲಿ ಚರಗ ಎಲ್ಲಿ ಚೆಲ್ಲುತ್ತೀರಿ ಅಂತ. ಮರಳಿನ ಗುಡ್ಡೆ ಕಡೆ ಕೈ ತೋರಿಸಿ, "ಇದೂ ನಮಗ ಕೂಳು ಕೊಡ್ತೈತಲ್ಲ" ಅಂದಳು. ಸಂಬಳದ ಮಾತನ್ನು ಆಕೆ ಎಲ್ಲರಿಗಿಂತ ಚೆನ್ನಾಗಿ ಹೇಳಿದಳು ಎಂದು ನನ್ನ ಅಭಿಪ್ರಾಯ.

ನೀವು ಪುಣೆಯಲ್ಲೇ ಇದ್ದು ಈ ಸಲ ಭೋಗಿ ಮಾಡುವುದಿದ್ದರೆ ಎರಡು ಮಾತು. ಸುಗಡ ಎರಡು ದಿನ ಮುಂಚೆಯೇ ತನ್ನಿ, ಭೋಗಿಯ ಸಂಜೆ ಉಳಿದಿರುವುದೆಲ್ಲ ಸೀಳು ಬಿಟ್ಟವೇ. ಸಜ್ಜೆ ಹಿಟ್ಟಿನ ಪ್ಯಾಕೆಟ್ ಕೊಳ್ಳಬೇಡಿ, ಇಟ್ಟರೆ ಬೇಗ ಕಹಿಯಾಗುತ್ತದೆ. ಕಾಳು ತಂದು ಹಿಂದಿನ ದಿನ ಗಿರಣಿಯಲ್ಲಿ ಬೀಸಿಸಿ, ಬಿಸಿನೀರಲ್ಲಿ ನಾದಿ. ಬಡಿಯಲು ಬರದಿದ್ದರೆ ಮೆಸೇಜ್ ಮಾಡಿ, ಅವ್ವನ ಕೈಲಿ ವಿಡಿಯೋ ಮಾಡಿಸಿ ಕಳಿಸುತ್ತೇನೆ.