ವರ್ಷವನ್ನು ಮಡಚಿದರೆ ಗೆರೆ ಬೀಳುವ ದಿನ

ಓದುಗರೊಬ್ಬರ ಪತ್ರ: ಕಳೆದ ಸಂಚಿಕೆಯಲ್ಲಿ ‘ಬೇಸಿಗೆಯ ಒಂದು ದಿನ’ ಎಂಬ ತಲೆಬರಹದಡಿ ಜುಲೈ 2 ವರ್ಷದ ನಟ್ಟನಡುವಿನ ದಿನ ಎಂದು ಬರೆದಿದ್ದೀರಿ. ಆರು ತಿಂಗಳು ಮುಗಿಯುವುದು ಜೂನ್ 30ಕ್ಕೆ ಅಲ್ವಾ? ಇದು ಅಚ್ಚಿನ ತಪ್ಪಾ? ಆ ದಿನಕ್ಕೆ ನಿಜವಾಗಿ ಏನಾದರೂ ವಿಶೇಷ ಇದೆಯಾ, ಇಲ್ಲಾ ಸುಮ್ನೆ ಪುಟ ತುಂಬಿಸಿದ್ದಾ?

ಸಂಪಾದಕರ ಉತ್ತರ: ಅಚ್ಚಿನ ತಪ್ಪುಗಳು ನಮ್ಮಲ್ಲಿ ಬೇಕಾದಷ್ಟಿವೆ. ಇದು ಮಾತ್ರ ಅಲ್ಲ. ಎಣಿಸಿ ನೋಡಿ. ಜನವರಿಯಿಂದ ಜೂನ್‌ವರೆಗೆ 181 ದಿನ, ಉಳಿದ ಆರು ತಿಂಗಳಿಗೆ 184. ಜುಲೈ 2 ವರ್ಷದ 183ನೇ ದಿನ. ಅದರ ಹಿಂದೆ 182, ಮುಂದೆ 182. ಅವತ್ತು ಮಧ್ಯಾಹ್ನ 12ಕ್ಕೆ ವರ್ಷ ಸರಿಯಾಗಿ ಅರ್ಧ. ಜುಲೈನಲ್ಲಿ ಬೇಸಿಗೆ ಎಂದು ಗಡಿಯಾರವನ್ನು ಒಂದು ಗಂಟೆ ಮುಂದಿಡುವ ದೇಶಗಳಲ್ಲಿ 1 ಗಂಟೆಗೆ. ಅಧಿಕ ವರ್ಷದಲ್ಲಿ ಫೆಬ್ರವರಿ 29 ಬಂದು ಗೆರೆಯನ್ನು ಅರ್ಧ ದಿನ ಹಿಂದಕ್ಕೆ ಎಳೆಯುತ್ತದೆ. ಆಗ ನಡು ಬೀಳುವುದು ಜುಲೈ 1 ಮುಗಿದು 2 ಹುಟ್ಟುವ ನಡುರಾತ್ರಿಗೆ.

182 ಅಂದರೆ ಸರಿಯಾಗಿ 26 ವಾರ. ಹಾಗಾಗಿ ಮಾಮೂಲಿ ವರ್ಷದಲ್ಲಿ ಜನವರಿ 1, ಜುಲೈ 2, ಡಿಸೆಂಬರ್ 31 ಮೂರೂ ಒಂದೇ ವಾರ. 2026ರಲ್ಲಿ ಮೂರೂ ಗುರುವಾರ.

ಎರಡು ಅರ್ಧಗಳು ಯಾಕೆ ಸಮ ಇಲ್ಲ? ಅಗಸ್ಟಸ್ ಚಕ್ರವರ್ತಿ ತನ್ನ ತಿಂಗಳನ್ನು ದೊಡ್ಡದು ಮಾಡಲು ಫೆಬ್ರವರಿಯಿಂದ ಒಂದು ದಿನ ಕದ್ದ ಎನ್ನುವ ಕಥೆ ನೀವೂ ಕೇಳಿರುತ್ತೀರಿ. ಚೆನ್ನಾಗಿದೆ, ಆದರೆ ಸುಳ್ಳು. ಫೆಬ್ರವರಿಗೆ ಮೊದಲಿಂದಲೂ 28 ದಿನವೇ. ಹಳೆಯ ರೋಮನ್ ವರ್ಷಕ್ಕೆ 355 ದಿನ ಇತ್ತು. ಜೂಲಿಯಸ್ ಸೀಸರ್ ಅದಕ್ಕೆ ಹತ್ತು ದಿನ ಸೇರಿಸಿ ತಿಂಗಳುಗಳಿಗೆ ಹಂಚಿದ. ಮೊದಲ ಆರಕ್ಕೆ ಸಿಕ್ಕಿದ್ದು ನಾಲ್ಕು, ಕೊನೆಯ ಆರಕ್ಕೆ ಆರು. ಆ ಹಂಚಿಕೆಯ ಏರುಪೇರು ಇವತ್ತಿಗೂ ಸರಿಹೋಗಿಲ್ಲ. ಜುಲೈಗೆ ಅವನ ಕೈಯಿಂದ ಒಂದು ದಿನವೂ ಸಿಗಲಿಲ್ಲ, ಅದಕ್ಕೆ ಆಗಲೇ 31 ಇತ್ತು. ಸಿಕ್ಕಿದ್ದು ಅವನ ಹೆಸರು ಮಾತ್ರ.

ಇನ್ನು ವಿಶೇಷದ ಮಾತು. ನನಗೆ ಎಲ್ಲಕ್ಕಿಂತ ಜಾಸ್ತಿ ಕಾಡುವುದು 1937ರ ಜುಲೈ 2. ಅಮೆರಿಕದ ಪೈಲಟ್ ಅಮೇಲಿಯಾ ಇಯರ್‌ಹಾರ್ಟ್ ಮತ್ತು ದಾರಿ ತೋರಿಸಲು ಜೊತೆಗಿದ್ದ ಫ್ರೆಡ್ ನೂನನ್ ಅವತ್ತು ಬೆಳಿಗ್ಗೆ 10ಕ್ಕೆ ನ್ಯೂಗಿನಿಯ ಲೇ ಎಂಬಲ್ಲಿಂದ ವಿಮಾನ ಏರಿದರು. ಹೋಗಬೇಕಿದ್ದದ್ದು ಪೆಸಿಫಿಕ್ ಸಾಗರದ ನಡುವಿನ ಹೌಲ್ಯಾಂಡ್ ದ್ವೀಪಕ್ಕೆ, 4,100 ಕಿಲೋಮೀಟರ್ ದೂರ. ದ್ವೀಪವೋ ಎರಡು ಕಿಲೋಮೀಟರ್ ಚಿಲ್ಲರೆ ಉದ್ದ, ಒಂದು ಕಿಲೋಮೀಟರ್ ಕೂಡ ಅಗಲವಿಲ್ಲ. ರಾತ್ರಿಯಿಡೀ ಹಾರಿದರು. ಬೆಳಗಾಯಿತು. ಅಲ್ಲಿ ಕಾಯುತ್ತಿದ್ದ ಹಡಗಿಗೆ ಅವರ ಕೊನೆಯ ಮಾತು ರೇಡಿಯೋದಲ್ಲಿ ಕೇಳಿಸಿದ್ದು ಬೆಳಿಗ್ಗೆ 8:43ಕ್ಕೆ. ಹೊರಟು 20 ಗಂಟೆ ದಾಟಿತ್ತು, ಆದರೂ ಹಡಗಿನಲ್ಲಿ ತಾರೀಕು ಜುಲೈ 2! ದಾರಿಯಲ್ಲಿ ದಿನಾಂಕ ರೇಖೆ ದಾಟಿದ್ದರಿಂದ ಅದೇ ದಿನ ಎರಡನೇ ಸಲ ಬೆಳಗಾಗಿತ್ತು. ಅದಾದ ಮೇಲೆ ಅವರ ಸುಳಿವೇ ಇಲ್ಲ.

ಮುಂದೆ ಅಮೆರಿಕದ ಎರಡನೇ ಅಧ್ಯಕ್ಷರಾದ ಜಾನ್ ಆಡಮ್ಸ್ ಕಥೆ ಹಗುರವಾದದ್ದು. ಅಮೆರಿಕದ ವಸಾಹತುಗಳು ಬ್ರಿಟನ್‌ನಿಂದ ಬೇರೆಯಾಗಲು ಮತ ಹಾಕಿದ್ದು 1776ರ ಜುಲೈ 2ರಂದು. ಮಾರನೇ ದಿನ ಆಡಮ್ಸ್ ಹೆಂಡತಿಗೆ ಪತ್ರ ಬರೆದು, ಮುಂದಿನ ಪೀಳಿಗೆಗಳು ಜುಲೈ 2ನ್ನೇ ಹಬ್ಬ ಮಾಡುತ್ತವೆ ಎಂದು ಖಂಡಿತವಾಗಿ ಹೇಳಿದರು. ಸ್ವಾತಂತ್ರ್ಯ ಘೋಷಣೆಯ ಒಕ್ಕಣೆಗೆ ಒಪ್ಪಿಗೆ ಸಿಕ್ಕಿದ್ದು 4ಕ್ಕೆ, ಕಾಗದದ ಮೇಲೆ ಅಚ್ಚಾದದ್ದೂ ಅದೇ ತಾರೀಕು. ಜನ ಅದನ್ನೇ ಹಿಡಿದುಕೊಂಡರು. ಆಡಮ್ಸ್ ತೀರಿಕೊಂಡದ್ದೂ ಜುಲೈ 4ರಂದೇ, 1826ರಲ್ಲಿ.

1900ರ ಜುಲೈ 2ಕ್ಕೆ ಮೊದಲ ಜೆಪೆಲಿನ್ ವಾಯುನೌಕೆ ಹಾರಿತು ಎನ್ನುವುದನ್ನೂ ಸೇರಿಸಬಹುದಿತ್ತು. ಜಾಗ ಸಾಲಲಿಲ್ಲ.

ತಪ್ಪು ಹುಡುಕಲೇಬೇಕು ಅಂದರೆ ನಮ್ಮ ತಲೆಬರಹದಲ್ಲೇ ಒಂದಿತ್ತು. ಬೇಸಿಗೆ ಅಂದರೆ ಭೂಮಿ ಸೂರ್ಯನ ಹತ್ತಿರ ಹೋಗುವುದಲ್ಲ. ಜುಲೈ ಮೊದಲ ವಾರದಲ್ಲೇ ಭೂಮಿ ಸೂರ್ಯನಿಂದ ಅತಿ ದೂರ ಇರುವುದು, ಸುಮಾರು 15.2 ಕೋಟಿ ಕಿಲೋಮೀಟರ್. ಸೆಕೆ ತರುವುದು ಭೂಮಿಯ ವಾಲು. ಉತ್ತರ ಸೂರ್ಯನ ಕಡೆ ವಾಲಿದಾಗ ದಕ್ಷಿಣ ಆಚೆಗೆ ವಾಲಿರುತ್ತದೆ. ಅಂದರೆ ನಮ್ಮ ‘ಬೇಸಿಗೆಯ ಒಂದು ದಿನ’ ಅರ್ಧ ಭೂಗೋಳಕ್ಕೆ ಕೊರೆಯುವ ಚಳಿಗಾಲದ ದಿನ. ಅದು ಮಾತ್ರ ನಿಮ್ಮ ಕಣ್ಣಿಗೂ ಬೀಳಲಿಲ್ಲ!