ಜನವರಿಯಲ್ಲಿ ಸೈಪ್ರಸ್‌ಗೆ ಬಂದ್ರೆ ಹಕ್ಕಿ ಸಿಗುತ್ತಾ?

ನೀವು ಕೇಳಿರೋದು ಇಷ್ಟು: ಆಫೀಸ್ ಕೆಲಸಕ್ಕೆ ಜನವರಿಯಲ್ಲಿ ಹತ್ತು ದಿನ ಸೈಪ್ರಸ್‌ಗೆ ಬರ್ತಿದೀರಿ, ಲಾರ್ನಾಕಾದಲ್ಲಿ ಉಳ್ಕೋತೀರಿ, ಬೈನಾಕ್ಯುಲರ್ ಹೊತ್ಕೊಂಡು ಬರಬೇಕಾ, ಇಲ್ಲ ಹಕ್ಕಿಗೋಸ್ಕರ ಏಪ್ರಿಲ್‌ನಲ್ಲಿ ಇನ್ನೊಂದ್ಸಲ ಬರೋದೇ ವಾಸಿನಾ ಅಂತ. ತನ್ನಿ, ಖಂಡಿತ ತನ್ನಿ. ನಾನು ಹಾಸನದ ಕಡೆಯೋನು, ಕೆಲಸಕ್ಕೆ ಅಂತ ಲಾರ್ನಾಕಾಗೆ ಬಂದು ಏಳು ವರ್ಷ ಆಯ್ತು, ಹಕ್ಕಿ ನೋಡೋ ಹುಚ್ಚು ಹತ್ತಿದ್ದು ಇಲ್ಲೇ, ಅದೂ ಚಳಿಗಾಲದಲ್ಲೇ.

ಏಪ್ರಿಲ್‌ವರೆಗೂ ಕಾಯಿರಿ ಅಂತ ಎಲ್ರೂ ಹೇಳ್ತಾರೆ. ಆಫ್ರಿಕಾದಿಂದ ಉತ್ತರಕ್ಕೆ ವಾಪಸ್ ಹೋಗೋ ಹಕ್ಕಿಗಳು ಸಮುದ್ರ ದಾಟೋ ದಾರೀಲಿ ಇಲ್ಲಿಳಿದು ಸುಧಾರಿಸ್ಕೋತವೆ, ಚಂದ್ರಮುಕುಟ, ಕಳ್ಳಿಪೀರ, ನೀಲಕಂಠ ಎಲ್ಲಾ ಒಂದೇ ವಾರದಲ್ಲಿ ಸಿಗಬಹುದು, ಲಿಸ್ಟ್ ಉದ್ದ ಆಗುತ್ತೆ ನಿಜ. ಆದ್ರೆ ಅವು ಬಸ್ ಸ್ಟ್ಯಾಂಡಲ್ಲಿ ಇಳಿದು ಟೀ ಕುಡಿದು ಹೊರಡೋರ ಥರ, ಇವತ್ತು ಕಂಡಿದ್ದು ನಾಳೆ ಇರಲ್ಲ. ಚಳಿಗಾಲದವು ಬಿಡಾರ ಹೂಡೋಕೇ ಬಂದಿರ್ತವೆ. ನಿಮ್ಮ ಹತ್ತು ದಿನದಲ್ಲಿ ಅದೇ ಹಕ್ಕಿ ಅದೇ ಜಾಗದಲ್ಲಿ ದಿನಾ ಸಿಗುತ್ತೆ, ಎಷ್ಟೊತ್ತಿಗೆ ತಿನ್ನುತ್ತೆ ಎಷ್ಟೊತ್ತಿಗೆ ಮಲಗುತ್ತೆ ಯಾರ ಜೊತೆ ಜಗಳ ಆಡುತ್ತೆ ಅನ್ನೋದೆಲ್ಲ ಗೊತ್ತಾಗೋಕೆ ಶುರುವಾಗುತ್ತೆ. ನನಗೆ ಅದೇ ದೊಡ್ಡದು.

ಎಲ್ಲಕ್ಕಿಂತ ಮೊದಲು ಲಾರ್ನಾಕಾ ಉಪ್ಪಿನ ಕೆರೆ, ಏರ್‌ಪೋರ್ಟ್ ಪಕ್ಕದಲ್ಲೇ ಇದೆ. ಬೇಸಿಗೇಲಿ ಪೂರ್ತಿ ಒಣಗಿ ಬಿಳೀ ಉಪ್ಪಿನ ಬಯಲಾಗಿರುತ್ತೆ, ಇದೇನು ಕೆರೆನಾ ಅನ್ನಿಸುತ್ತೆ. ಆ ಒಣ ಕೆಸರಲ್ಲಿ ಆರ್ಟೀಮಿಯಾ ಅನ್ನೋ ಪುಟಾಣಿ ಉಪ್ಪುನೀರಿನ ಸೀಗಡಿಯ ಮೊಟ್ಟೆಗಳು ಬಿಸಿಲು ತಡ್ಕೊಂಡು ಕೂತಿರ್ತವೆ, ಮಳೆ ಬಿದ್ದು ನೀರು ನಿಂತ ಮೇಲೆ ಮರಿಯಾಗ್ತವೆ, ಅದನ್ನ ತಿನ್ನೋಕೆ ರಾಜಹಂಸಗಳು, ಅಂದ್ರೆ ಫ್ಲೆಮಿಂಗೋಗಳು, ಬರ್ತವೆ. ನವೆಂಬರ್‌ನಿಂದ ಮಾರ್ಚ್‌ವರೆಗೆ, ಮಳೆ ಚೆನ್ನಾಗಾದ ವರ್ಷ ಸಾವಿರಗಟ್ಟಲೆ. ಗುಜರಾತಿನ ಕಛ್‌ನಲ್ಲಿ ಮರಿ ಮಾಡೋ ದೊಡ್ಡ ರಾಜಹಂಸವೇ ಇದು, ಬೇರೆ ಜಾತಿ ಅಲ್ಲ. ಮಳೆ ಕೈಕೊಟ್ಟ ವರ್ಷ ಇಲ್ಲಿ ಕಡಿಮೆ ಇರ್ತವೆ, ಆಗ ಲಿಮಸೋಲ್ ಕಡೆ ಅಕ್ರೋಟಿರಿ ಕೆರೆಗೆ ಹೋಗಿ ನೋಡಬೇಕು.

ದೂರದಿಂದ ಫೋಟೋ ತೆಗೆದು ಹೊರಟುಹೋಗ್ಬೇಡಿ ದಯವಿಟ್ಟು. ಒಂದೇ ಒಂದು ಹಕ್ಕಿ ಆರಿಸ್ಕೊಂಡು ಕಾಲು ಗಂಟೆ ನೋಡಿ. ಕೆಲವು ನಿಂತಲ್ಲೇ ಕಾಲು ತುಳೀತಾ ತುಳೀತಾ ಸುತ್ತ ತಿರುಗ್ತಿರ್ತವೆ, ನಮ್ಮೂರಲ್ಲಿ ಗೋಡೆ ಇಡೋಕೆ ಮಣ್ಣು ತುಳೀತಿದ್ರಲ್ಲ ಹಾಗೇ, ಕೆಸರು ಎದ್ದು ಅದರಲ್ಲಿದ್ದಿದ್ದು ಮೇಲೆ ಬರಲಿ ಅಂತ. ಆಮೇಲೆ ತಲೆ ಪೂರ್ತಿ ತಲೆಕೆಳಗು, ಕೊಕ್ಕಿನ ಮೇಲ್ಭಾಗ ಕೆಳಗೆ, ಆ ಸೊಟ್ಟ ಕೊಕ್ಕು ನೆಲಕ್ಕೆ ಸರಿಯಾಗಿ ಕೂರೋದೇ ಹಾಗೆ ಇಟ್ಟಾಗ. ನಾಲಗೆಯಿಂದ ನೀರು ಒಳಗೆಳೆದು ಹೊರಗೆ ತಳ್ತಿರುತ್ತೆ, ಕೊಕ್ಕಿನ ಒಳಗಿರೋ ಜರಡಿಯಲ್ಲಿ ಸೀಗಡಿ ಉಳ್ಕೊಳ್ಳುತ್ತೆ. ಗುಂಪಲ್ಲಿ ಬೂದು ಬಣ್ಣದವು ಕಂಡ್ರೆ ಅವು ಮರಿಗಳು, ಆ ಗುಲಾಬಿ ಬಣ್ಣ ತಿನ್ನೋ ಆಹಾರದಿಂದ ವರ್ಷಗಟ್ಟಲೆ ಕೂಡಿ ಬರೋದು. ತಲೆ ಮೇಲೆ ವಿಮಾನ ಇಳೀತಿದ್ರೂ ಕತ್ತು ಎತ್ತಲ್ಲ, ಆದ್ರೆ ಮನುಷ್ಯ ದಡ ಇಳಿದು ನಾಲ್ಕು ಹೆಜ್ಜೆ ಇಟ್ರೆ ಇಡೀ ಗುಂಪು ನಡೆದು ದೂರ ಹೋಗುತ್ತೆ. ಮೊದಲ ವರ್ಷ ನಾನು ಆ ತಪ್ಪು ಮಾಡಿದೀನಿ, ಗಟ್ಟಿ ಥರ ಕಂಡ ಬಿಳೀ ಪದರದ ಕೆಳಗೆ ಕೆಸರಲ್ಲಿ ಕಾಲು ಹೂತ್ಕೊಂಡಿತ್ತು, ತಿಂತಿದ್ದ ಹಕ್ಕಿಗಳನ್ನ ಎಬ್ಬಿಸಿದ್ದು ಇವತ್ತಿಗೂ ಬೇಜಾರಿದೆ. ದಾರಿ ಮೇಲೇ ಇರಿ. ಪಶ್ಚಿಮ ದಡದಲ್ಲಿ ಹಾಲಾ ಸುಲ್ತಾನ್ ಟೆಕ್ಕೆ ಅಂತ ಹಳೇ ಮಸೀದಿ ಇದೆ, ಸಾಯಂಕಾಲ ಅಲ್ಲಿಂದ ನೋಡಿದ್ರೆ ಬಿಸಿಲು ನಿಮ್ಮ ಬೆನ್ನಿಗಿರುತ್ತೆ, ಬಣ್ಣ ಕಾಣೋದೇ ಆಗ.

ಇನ್ನು ಸಣ್ಣವು. ಬ್ಲ್ಯಾಕ್ ರೆಡ್‌ಸ್ಟಾರ್ಟ್ ಹಾಳುಗೋಡೆ, ಕಲ್ಲುಗುಡ್ಡೆ ಮೇಲೆ ಕೂತು ಕೆಂಪು ಬಾಲ ನಡುಗಿಸ್ತಿರುತ್ತೆ, ಯುರೋಪಿನ ರಾಬಿನ್ ಪೊದೆ ಕೆಳಗಿಂದ ಹೊರಗೆ ಬಂದು ನಿಮ್ಮನ್ನೇ ನೋಡುತ್ತೆ, ನಮ್ಮ ಗದ್ದೆಗಳಿಗೆ ಚಳಿಗಾಲದಲ್ಲಿ ಬರೋ ಬಿಳಿ ಕುಂಡೆಕುಸ್ಕ ಇಲ್ಲಿ ಫುಟ್‌ಪಾತ್ ಮೇಲೆಲ್ಲಾ ಓಡಾಡುತ್ತೆ. ಲಾರ್ನಾಕಾ ಪಕ್ಕದ ಒರೊಕ್ಲಿನಿ ಕೆರೆ ಹತ್ರ ಮರೆಯಲ್ಲಿ ಕೂತು ನೋಡೋಕೆ ಮರದ ಗುಡಿಸಲು ಮಾಡಿದಾರೆ, ಅಲ್ಲಿ ಶವೆಲರ್, ಟೀಲ್ ಬಾತುಗಳು ಸಿಗ್ತವೆ. ಅಕ್ರೋಟಿರಿಗೆ ಒಂದು ಪೂರ್ತಿ ದಿನ ಇಡಿ, ಕಾರ್ ಬಾಡಿಗೆಗೆ ತಗೊಳ್ಳಿ, ಇಲ್ಲೂ ನಮ್ಮ ಥರ ಎಡಗಡೆ ಡ್ರೈವಿಂಗ್. ಆ ಭಾಗ ಬ್ರಿಟಿಷರ ಸೇನಾ ನೆಲೆಗೆ ಸೇರಿದ್ದು, ಬೇಲಿ ಕಡೆ ಕ್ಯಾಮೆರಾ ತಿರುಗಿಸ್ಬೇಡಿ.

ಒಂದು ಸಿಗಲ್ಲ ಅಂತ ಈಗಲೇ ಹೇಳಿಬಿಡ್ತೀನಿ. ಸೈಪ್ರಸ್ ವೀಟಿಯರ್, ಪ್ರಪಂಚದಲ್ಲಿ ಈ ದ್ವೀಪದಲ್ಲಿ ಮಾತ್ರ ಗೂಡು ಕಟ್ಟೋ ಹಕ್ಕಿ, ಜನವರಿಯಲ್ಲಿ ಅದು ಆಫ್ರಿಕಾದಲ್ಲಿರುತ್ತೆ, ಮಾರ್ಚ್‌ನಲ್ಲಿ ವಾಪಸ್. ಅದರ ಬದಲು ಫಿನ್ಶ್ ವೀಟಿಯರ್ ಚಳಿಗಾಲಕ್ಕೆ ಇಲ್ಲಿಗೆ ಬರುತ್ತೆ, ಕಲ್ಲುಬಯಲಲ್ಲಿ ಹುಡುಕಿ. ಹಾಗೇ ಇಲ್ಲಿ ಮಾತ್ರ ಮರಿ ಮಾಡೋ ಸೈಪ್ರಸ್ ವಾರ್ಬ್ಲರ್‌ಗಳಲ್ಲಿ ಕೆಲವು ಚಳಿಗಾಲದಲ್ಲೂ ಉಳೀತವೆ, ದ್ವೀಪದ ಆಗ್ನೇಯ ತುದೀಲಿರೋ ಕೇಪ್ ಗ್ರೀಕೋ ಪೊದೆಗಳಲ್ಲಿ ಟ್ರೈ ಮಾಡಿ.

ಕೇಪ್ ಗ್ರೀಕೋ ಅಂದಾಗ ಇದನ್ನ ಹೇಳದೇ ಇರೋಕಾಗಲ್ಲ. ಆ ಪೂರ್ವದ ಕಡೆ ಪೊದೆಗಳಲ್ಲಿ ಅಂಟುಕಡ್ಡಿ ಇಟ್ಟು ಸಣ್ಣ ಹಕ್ಕಿ ಹಿಡೀತಾರೆ. 1974ರಿಂದ ಕಾನೂನು ಪ್ರಕಾರ ಅಪರಾಧ, ಆದ್ರೂ ನಿಂತಿಲ್ಲ, ಬ್ಲ್ಯಾಕ್‌ಕ್ಯಾಪ್ ಅನ್ನೋ ಗುಬ್ಬಿ ಗಾತ್ರದ ಹಕ್ಕಿಯನ್ನ ಅಂಬೆಲೊಪುಲ್ಯಾ ಅಂತ ಕದ್ದುಮುಚ್ಚಿ ತಟ್ಟೆಗೆ ಹಾಕ್ತಾರೆ. ಆ ಅಂಟು ಯಾವುದರದ್ದು ಗೊತ್ತಾ, ನಮ್ಮ ಚಳ್ಳೆಹಣ್ಣಿನ ಕುಲದ್ದೇ ಹಣ್ಣು ಬೇಯಿಸಿ ಮಾಡೋದು. ಚಿಕ್ಕವನಿದ್ದಾಗ ಚಳ್ಳೆಹಣ್ಣು ಹಿಚುಕಿ ಬುಕ್ಕಿಗೆ ಪೇಪರ್ ಅಂಟಿಸ್ತಿದ್ದೆ, ಹೋದ ಅಕ್ಟೋಬರ್‌ನಲ್ಲಿ ಅದೇ ಥರದ ಅಂಟಲ್ಲಿ ಎರಡೂ ರೆಕ್ಕೆ ಸಿಕ್ಕಿ ತಲೆಕೆಳಗಾಗಿ ನೇತಾಡ್ತಿದ್ದ ಬ್ಲ್ಯಾಕ್‌ಕ್ಯಾಪ್ ನೋಡಿದೆ, ಕಣ್ಣು ಇನ್ನೂ ಮಿಟುಕಿಸ್ತಿತ್ತು, ಕೈ ನಡುಗಿಹೋಯ್ತು ನನಗೆ. ಅಂಥದ್ದು ಕಂಡ್ರೆ ಎಳೆದು ಬಿಡಿಸೋಕೆ ಹೋಗ್ಬೇಡಿ, ಗರಿ ಕಿತ್ತು ಬರುತ್ತೆ, ಜಾಗ ಫೋನಲ್ಲಿ ಗುರುತು ಹಾಕ್ಕೊಂಡು ಪೊಲೀಸ್‌ಗೋ ಬರ್ಡ್‌ಲೈಫ್ ಸೈಪ್ರಸ್ ಅನ್ನೋ ಹಕ್ಕಿ ಸಂರಕ್ಷಣಾ ಸಂಸ್ಥೆಗೋ ತಕ್ಷಣ ತಿಳಿಸಿ.

ಬಟ್ಟೆ ವಿಚಾರ: ಜನವರಿಯಲ್ಲಿ ಹಗಲು 17 ಡಿಗ್ರಿ ಆಸುಪಾಸು, ಕೆರೆ ದಡದಲ್ಲಿ ಗಾಳಿ ಜೋರು, ಕಿವಿ ಮುಚ್ಚೋ ಟೋಪಿ ಇರಲಿ. ಏರ್‌ಪೋರ್ಟ್‌ನಿಂದ ಊರಿಗೆ ಬರೋವಾಗ ಟ್ಯಾಕ್ಸಿಯಲ್ಲಿ ಎಡಗಡೆ ಕಿಟಕಿ ಪಕ್ಕ ಕೂತ್ಕೊಳ್ಳಿ, ಹೋಟೆಲ್ ಸೇರೋಕೆ ಮುಂಚೆನೇ ಕೆರೆ ಕಾಣುತ್ತೆ.