ಪ್ರಾಗ್ ಮೆಟ್ರೋದಲ್ಲಿ ಟಿಕೆಟ್ ಇದ್ದರೂ ದಂಡ ಬಿದ್ದಿದ್ದು ಯಾಕೆ?

ಟಿಕೆಟ್ ಇದ್ದರೂ ದಂಡ ಬಿತ್ತು, ಇನ್ನೂ ಎರಡು ದಿನ ಪ್ರಾಗ್‌ನಲ್ಲಿ ಇರ್ತೀವಿ, ಮೆಟ್ಟಿಲು ಹತ್ತಲಾಗದ ಅಮ್ಮನ ಜೊತೆ ಕೋಟೆಗೂ ಹೋಗಬೇಕು ಅಂತ ಕೇಳಿದ್ದೀರಿ. ಟಿಕೆಟ್ ಕೊಂಡಿದ್ದಿರಿ, ಆದರೆ ಅದಕ್ಕೆ ದಿನಾಂಕ, ಸಮಯದ ಮುದ್ರೆ ಒತ್ತಿಸಿರಲಿಲ್ಲ. ಬಹುಶಃ ಆಗಿದ್ದು ಇಷ್ಟೇ. ಅಲ್ಲಿ ನಮ್ಮ ಮೆಟ್ರೋ ತರಹ ಗೇಟ್ ಇರಲ್ಲ, ಸುಮ್ನೆ ನಡೆದು ಒಳಗೆ ಹೋಗಬಹುದು. ಹಾಗಾಗಿ ಯಾರಿಗೂ ಹೊಳೆಯುವುದಿಲ್ಲ. ನಾನೂ ಹೀಗೇ ಸಿಕ್ಕಿಬಿದ್ದಿದ್ದೆ.

ಉಳಿದ ಎರಡು ದಿನಕ್ಕೆ ಒಬ್ಬರಿಗೆ ದಿನಕ್ಕೊಂದರಂತೆ 24 ಗಂಟೆಯ ಕಾಗದದ ಟಿಕೆಟ್ ತಗೊಳ್ಳಿ. ಎಸ್ಕಲೇಟರ್‌ಗೆ ಮುಂಚೆ ಕಂಬದ ಮೇಲೆ ಹಳದಿ ಡಬ್ಬಿ ಇರುತ್ತದೆ. ಅದರೊಳಗೆ ಟಿಕೆಟನ್ನು ಬಾಣದ ದಿಕ್ಕಿಗೆ ತೂರಿಸಿದರೆ ಟಕ್ ಅಂತ ದಿನಾಂಕ, ಸಮಯ ಬೀಳುತ್ತದೆ. ಟ್ರ್ಯಾಮ್‌ನಲ್ಲಾದರೆ ಡಬ್ಬಿ ಒಳಗೇ ಇದೆ, ಹತ್ತಿದ ತಕ್ಷಣ ಒತ್ತಿಸಿ. ಒಂದು ಟಿಕೆಟ್‌ಗೆ ಒಂದೇ ಸಲ ಸಾಕು, ಎರಡನೇ ಸಲ ಒತ್ತಿಸಬೇಡಿ.

ಟ್ರ್ಯಾಮ್ ಒಳಗಿನ ಕಾರ್ಡ್ ಮೆಷಿನ್‌ನಲ್ಲಿ ಕೊಂಡ ಟಿಕೆಟ್‌ಗೆ ಇದು ಬೇಡ, ಸಮಯ ಅದರಲ್ಲೇ ಬಂದಿರುತ್ತದೆ. ನಿಮ್ಮದು ಆಪ್ ಟಿಕೆಟ್ ಆಗಿದ್ದರೆ ಕಾರಣ ಬೇರೆ ಇರಬಹುದು: ಹತ್ತುವ ಮುಂಚೆಯೇ ಆಕ್ಟಿವೇಟ್ ಮಾಡಿರಬೇಕು, ಇನ್ಸ್‌ಪೆಕ್ಟರ್ ಕಂಡಮೇಲೆ ಒತ್ತಿದರೆ ನಡೆಯಲ್ಲ.

ಕಟ್ಟಿದ ದಂಡ ವಾಪಸ್ ಬರುವುದು ಕಷ್ಟ ಅನಿಸುತ್ತೆ. ಮುಂದೆ ಯಾರಾದರೂ ಮಫ್ತಿಯಲ್ಲಿ ಬಂದು ಕೇಳಿದರೆ ಮೊದಲು ಬ್ಯಾಡ್ಜ್ ನೋಡಿ, ದುಡ್ಡು ಕೊಟ್ಟರೆ ರಸೀದಿ ತಗೊಳ್ಳಿ.

ಕೋಟೆಗೆ ಅಮ್ಮನ ಜೊತೆ ಹೋಗಬೇಕು, ಮೆಟ್ಟಿಲು ಆಗಲ್ಲ ಅಂದಿದ್ದೀರಲ್ವಾ? ಮಾಲೊಸ್ತ್ರಾನ್ಸ್ಕಾ ಮೆಟ್ರೋ ನಿಲ್ದಾಣದಲ್ಲಿ ಇಳಿದು 22ನೇ ನಂಬರ್ ಟ್ರ್ಯಾಮ್ ಹಿಡಿಯಿರಿ. ಪ್ರಾಜ್‌ಸ್ಕಿ ಹ್ರಾದ್ ನಿಲ್ದಾಣದಲ್ಲಿ ಇಳಿದರೆ ದೊಡ್ಡ ಏರು ತಪ್ಪುತ್ತದೆ.